ಬಾರ್ಲಿ ಚರಟದಿಂದ ಒಲೆಯ ಉರಿ: ಹೊಸಬರಿಗೆ ಹಂತ ಹಂತವಾಗಿ

ಫಿಲ್ಟರಿನಲ್ಲಿ ಕಾಫಿ ಪುಡಿ ಹಾಕಿ ಬಿಸಿನೀರು ಹೊಯ್ದು ಡಿಕಾಕ್ಷನ್ ಇಳಿಸಿದ ಮೇಲೆ ಉಳಿಯುವುದು ಚರಟ. ಬಿಯರ್ ತಯಾರಿಸುವ ಮನೆಯಲ್ಲೂ ನಡೆಯುವುದು ಇದೇ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ನುಚ್ಚಾಗಿ ಒಡೆದು, ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ, ಸಿಹಿ ನೀರನ್ನು ಸೋಸಿ ತೆಗೆಯುತ್ತಾರೆ. ಆ ಸಿಹಿ ನೀರು ಮುಂದೆ ಬಿಯರ್ ಆಗುತ್ತದೆ. ಸೋಸುವ ತಟ್ಟೆಯ ಮೇಲೆ ಉಳಿದ ಒದ್ದೆ ಹೊಟ್ಟು, ನುಚ್ಚು, ಸಿಪ್ಪೆ ಎಲ್ಲ ಸೇರಿ ಬಾರ್ಲಿ ಚರಟ.

100 ಲೀಟರ್ ಬಿಯರಿಗೆ ಸುಮಾರು 20 ಕೆ.ಜಿ. ಒದ್ದೆ ಚರಟ ಉಳಿಯುತ್ತದೆ. ಒಂದು ಸಾವಿರ ಲೀಟರಿನ ಒಂದು ಕುದಿತಕ್ಕೆ 200 ಕೆ.ಜಿ. 2010ರಿಂದ ಈಚೆಗೆ ಬೆಂಗಳೂರಿನ ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡ್ ಕಡೆ ಅಲ್ಲೇ ಬಿಯರ್ ಕುದಿಸಿ ಮಾರುವ ಹತ್ತಾರು ಮನೆಗಳು ಎದ್ದಿವೆ. ಅವುಗಳ ಹಿಂಬಾಗಿಲಿನಿಂದ ವಾರಕ್ಕೆ ಎರಡು ಮೂರು ಸಲ ಹಬೆಯಾಡುವ ಚರಟದ ಡ್ರಮ್ಮುಗಳು ಹೊರಬರುತ್ತವೆ. ಹಸು ಕಟ್ಟಿದವರು ಸ್ವಲ್ಪ ಒಯ್ಯುತ್ತಾರೆ. ಮಿಕ್ಕಿದ್ದು ಮರುದಿನ ಹುಳಿ ನಾರುತ್ತದೆ, ಮೂರನೆಯ ದಿನ ಹುಳ ಕಾಣುತ್ತದೆ, ಆಮೇಲೆ ಕಸದ ಲಾರಿ ಹತ್ತುತ್ತದೆ. ಕಸದ ಗುಡ್ಡೆಯಲ್ಲಿ ಗಾಳಿಯಿಲ್ಲದೆ ಕೊಳೆತು ಮೀಥೇನ್ ಆಗಿ ಆಕಾಶ ಸೇರುತ್ತದೆ. ಆ ಮೀಥೇನನ್ನೇ ನಾವು ಹಿಡಿದು ಒಲೆಗೆ ಕೊಡಬಹುದು.

ಈ ಬರಹದಲ್ಲಿ ಎರಡು ನೀರಿನ ಟ್ಯಾಂಕುಗಳಿಂದ ಮನೆಯಂಗಳದಲ್ಲಿ ಕಟ್ಟಬಹುದಾದ ಚಿಕ್ಕ ಅನಿಲ ಘಟಕವನ್ನು ವಿವರಿಸಿದ್ದೇನೆ. ದಿನಕ್ಕೆ 3 ಕೆ.ಜಿ. ಚರಟ ಉಣ್ಣುವ ಘಟಕ ಇದು. ಕಟ್ಟುವ ಮುನ್ನ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಿ: ನೀವು ಕಟ್ಟುತ್ತಿರುವುದು ಒಂದು ಹೊಟ್ಟೆ. ಒಳಗೆ ಕೆಲಸ ಮಾಡುವ ಸೂಕ್ಷ್ಮಜೀವಿಗಳು ಹಸುವಿನ ಹೊಟ್ಟೆಯಿಂದ ಸಗಣಿಯ ಜೊತೆ ಬಂದವು. ಹಸುವನ್ನು ಸಾಕಿದವರಿಗೆ ಗೊತ್ತಿರುವ ಬುದ್ಧಿಯೇ ಇಲ್ಲೂ ಬೇಕು.

ಮೊದಲು ಮೂರು ಪ್ರಶ್ನೆ

ಚರಟದಲ್ಲಿ ಮದ್ಯ ಇರುತ್ತದೆಯೇ? ಇಲ್ಲ. ಯೀಸ್ಟ್ ಹಾಕಿ ಹುದುಗಿಸುವ ಮೊದಲೇ ಚರಟವನ್ನು ತೆಗೆದಿರುತ್ತಾರೆ. ನಮ್ಮ ಪಕ್ಕದ ಕೊಟ್ಟಿಗೆಯ ಅಕ್ಕ ಮೊದಲ ಸಲ ಡ್ರಮ್ ನೋಡಿದಾಗ, “ಅಣ್ಣಾ, ಇದನ್ನ ತಿಂದ್ರೆ ಹಸೂಗೆ ಅಮಲು ಬರಲ್ವಾ?” ಎಂದು ಕೇಳಿದ್ದರು. ಒಂದು ಹಿಡಿ ಅವರ ಕೈಗೆ ಕೊಟ್ಟೆ. ಮೂಸಿ ನೋಡಿದರು. “ಬೇಯಿಸಿದ ಗೋಧಿ ನುಚ್ಚಿನ ವಾಸನೆ ಬರ್ತದಲ್ಲ!” ಎಂದರು. ಇರುವುದು ಅಷ್ಟೇ.

ಹಾಗಿದ್ದರೆ ಹಸುವಿಗೇ ಕೊಡಬಾರದೇ? ಕೊಡಬೇಕು. ಒಣ ತೂಕದಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಪ್ರೋಟೀನ್ ಇರುವ ತಾಜಾ ಚರಟದ ಮೊದಲ ಹಕ್ಕುದಾರ ಹಸುವೇ. ಹಸು ತಿಂದು ಮಿಕ್ಕಿದ್ದು, ಹುಳಿಯಾದದ್ದು, ಮೇವಿಗೆ ಆಗದ್ದು ಮಾತ್ರ ಅನಿಲಕ್ಕೆ ಬರಲಿ. ಬೂಷ್ಟು ಹಿಡಿದದ್ದನ್ನು ಮಾತ್ರ ಹಸುವಿಗೆ ಎಂದೂ ಹಾಕಬೇಡಿ.

ಎಥನಾಲ್ ಅಥವಾ ಬ್ರಿಕೆಟ್ (ಒತ್ತಿದ ಉರುವಲು ಗಟ್ಟಿ) ಮಾಡಬಾರದೇ? ಚರಟದ ಸಕ್ಕರೆ ಬಹುಪಾಲು ಆಗಲೇ ಬಿಯರಿಗೆ ಹೋಗಿದೆ. ಉಳಿದಿರುವುದು ಹೆಚ್ಚಾಗಿ ನಾರು. ಅದನ್ನು ಮತ್ತೆ ಸಕ್ಕರೆಯಾಗಿಸಲು ಆಮ್ಲ, ಕಿಣ್ವ, ಬಟ್ಟಿ ಇಳಿಸುವ ಸಾಮಾನು ಎಲ್ಲ ಬೇಕು, ಜೊತೆಗೆ ಅಬಕಾರಿ ಪರವಾನಗಿಯೂ ಬೇಕು. ಪರವಾನಗಿ ಇಲ್ಲದೆ ಬಟ್ಟಿ ಇಳಿಸುವುದು ಅಪರಾಧ. ಬ್ರಿಕೆಟ್ ಮಾಡಲು ಚರಟವನ್ನು ಪೂರ್ತಿ ಒಣಗಿಸಬೇಕು. ಆದರೆ ಅದರ ತೂಕದ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಅನಿಲಕ್ಕೆ ಮಾತ್ರ ಆ ಒದ್ದೆಯೇ ಅನುಕೂಲ. ಆಸ್ಟ್ರಿಯಾದ ಲಿಯೋಬೆನ್ ಪಟ್ಟಣದ ಗೋಸರ್ ಬಿಯರ್ ಕಾರ್ಖಾನೆ ತನ್ನ ಚರಟವನ್ನು ಅನಿಲವಾಗಿಸಿ ಅದರಿಂದಲೇ ಕಾರ್ಖಾನೆಗೆ ಬೇಕಾದ ಶಾಖದ ಒಂದು ಪಾಲನ್ನು ಪಡೆಯುತ್ತಿದೆ. ಅಲ್ಲಿ ದೊಡ್ಡ ತೊಟ್ಟಿಯಲ್ಲಿ ನಡೆಯುವುದನ್ನೇ ಇಲ್ಲಿ ಸಿಂಟೆಕ್ಸ್ ಟ್ಯಾಂಕಿನಲ್ಲಿ ಮಾಡುತ್ತೇವೆ.

ನಮ್ಮ ನಾಡಿಗೆ ಇದು ಹೊಸ ವಿದ್ಯೆಯಲ್ಲ. ಶಿರಸಿ ಸೀಮೆಯ ಅಡಿಕೆ ತೋಟದ ಮನೆಗಳಲ್ಲಿ ಗೋಬರ್ ಗ್ಯಾಸ್ ದಶಕಗಳಿಂದ ಉರಿಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ತಂಡ, ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಗಣಿ ಅನಿಲದಿಂದ ಎಂಜಿನ್ ಓಡಿಸಿ 1987ರಲ್ಲಿ ಮನೆಗಳಿಗೆ ನೀರು, ಬೆಳಕು ಕೊಟ್ಟಿತು. ನಾನು ಇಲ್ಲಿ ಹೇಳುವ ಎರಡು ಟ್ಯಾಂಕಿನ ಮಾದರಿಯನ್ನು ಜನಪ್ರಿಯಗೊಳಿಸಿದ್ದು ಪುಣೆಯ ಆರ್ತಿ ಸಂಸ್ಥೆ. ಅಡುಗೆ ಮನೆಯ ಉಳಿಕೆಯಿಂದ ಅನಿಲ ಮಾಡುವ ಈ ಕೆಲಸಕ್ಕಾಗಿ ಆ ಸಂಸ್ಥೆಗೆ 2006ರಲ್ಲಿ ಆಶ್ಡೆನ್ ಪ್ರಶಸ್ತಿ ಬಂದಿದೆ.

ಬೇಕಾಗುವ ಸಾಮಾನು

- 1000 ಲೀಟರಿನ ಒಂದು, 750 ಲೀಟರಿನ ಒಂದು ಪ್ಲಾಸ್ಟಿಕ್ ನೀರಿನ ಟ್ಯಾಂಕ್. ಚಿಕ್ಕದು ದೊಡ್ಡದರೊಳಗೆ ಸಲೀಸಾಗಿ ಏರಿಳಿಯುವಂತಿರಬೇಕು. ಅಂಗಡಿಯಲ್ಲೇ ಅಳತೆ ಪಟ್ಟಿಯಿಂದ ವ್ಯಾಸ ನೋಡಿ ಕೊಳ್ಳಿ.
- 3 ಇಂಚಿನ ಪಿವಿಸಿ ಪೈಪು, ಎಲ್ಬೋ, ಟ್ಯಾಂಕ್ ನಿಪ್ಪಲ್, ರಬ್ಬರ್ ವಾಷರ್
- ಅರ್ಧ ಇಂಚಿನ ಬಾಲ್ ವಾಲ್ವ್ ಎರಡು, ಒಂದು ‘ಟಿ’, ಒಳ್ಳೆಯ ಗ್ಯಾಸ್ ಹೋಸ್, ಟೆಫ್ಲಾನ್ ಟೇಪು
- ಗೋಬರ್ ಗ್ಯಾಸಿಗೆಂದೇ ಮಾಡಿದ ಒಲೆ
- ಹಸಿ ಸಗಣಿ ಸುಮಾರು 300 ಕೆ.ಜಿ. (ಆರಂಭಕ್ಕೆ ಒಂದೇ ಸಲ), ಆಮೇಲೆ ದಿನಕ್ಕೆ 6 ಕೆ.ಜಿ.
- ಪಿಎಚ್ ಪಟ್ಟಿ, ಎರಡು ಬಕೆಟ್, ತೂಗುವ ತಕ್ಕಡಿ, ಒಂದು ನೋಟ್ ಪುಸ್ತಕ

ಹಂತ 1: ಚರಟ ಕೊಡುವವರನ್ನು ಗೊತ್ತು ಮಾಡಿಕೊಳ್ಳಿ

ಬಿಯರ್ ಕುದಿಸುವವರನ್ನು ಕಂಡು ಮೂರು ವಿಷಯ ಕೇಳಿ. ವಾರದಲ್ಲಿ ಯಾವ ದಿನ ಕುದಿಸುತ್ತಾರೆ? ಚರಟ ತೆಗೆಯುವ ಹೊತ್ತು ಯಾವುದು? ತೊಟ್ಟಿ ತೊಳೆಯುವ ನೀರು ಅದಕ್ಕೆ ಸೇರುತ್ತದೆಯೇ? ಮೂರನೆಯದು ಮುಖ್ಯ. ತೊಳೆಯಲು ಕಾಸ್ಟಿಕ್ ಸೋಡ, ಆಮ್ಲಗಳನ್ನು ಬಳಸುತ್ತಾರೆ. ಆ ನೀರು ಸೇರಿದ ಚರಟ ಹಸುವಿಗೂ ಬೇಡ, ಘಟಕಕ್ಕೂ ಬೇಡ.

ಇನ್ನೊಂದು ಎಚ್ಚರ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವನ್ನು ಆಮೇಲಿನ ಕುದಿತದಲ್ಲಿ ಹಾಕುತ್ತಾರೆ. ಅದರ ಗಸಿಯನ್ನು ಚರಟದ ಡ್ರಮ್ಮಿಗೆ ಸುರಿಯಬೇಡಿ ಎಂದು ಕೇಳಿಕೊಳ್ಳಿ. ಹಾಪ್ಸ್ ಬ್ಯಾಕ್ಟೀರಿಯಾಗಳನ್ನು ತಡೆಯುವ ಗುಣದ್ದು. ನಾವು ಸಾಕಲು ಹೊರಟಿರುವುದು ಬ್ಯಾಕ್ಟೀರಿಯಾಗಳನ್ನೇ.

ಚರಟ ಬಿಸಿಯಾಗಿರುತ್ತದೆ. ಗಟ್ಟಿ ಮುಚ್ಚಳದ ಡ್ರಮ್, ಕೈಗೆ ಗವಸು ಒಯ್ಯಿರಿ. ಎರಡು ಮೂರು ವಾರಕ್ಕೆ ಆಗುವಷ್ಟು ಮಾತ್ರ ತನ್ನಿ.

ಹಂತ 2: ಚರಟವನ್ನು ಕೆಡದಂತೆ ಇಡಿ

ನಮ್ಮ ಸೆಕೆಯಲ್ಲಿ ತೆರೆದಿಟ್ಟ ಚರಟಕ್ಕೆ ಒಂದೇ ದಿನದ ಆಯಸ್ಸು. ಇಡಲು ಎರಡು ದಾರಿಗಳಿವೆ.

ಮೊದಲನೆಯದು ರಸಮೇವಿನ ದಾರಿ. ಆರಿದ ಚರಟವನ್ನು ಡ್ರಮ್ಮಿನಲ್ಲಿ ಪದರ ಪದರವಾಗಿ ಹಾಕಿ, ಕೈಯಿಂದ ಒತ್ತಿ ಒತ್ತಿ ಗಾಳಿ ಹೊರದಬ್ಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಮುಚ್ಚಳ ಬಿಗಿ ಮಾಡಿ. ಎರಡು ಮೂರು ವಾರ ನಿಲ್ಲುತ್ತದೆ. ಹುಳಿಯಾದರೆ ಹೆದರಬೇಡಿ, ಅದು ಕೆಟ್ಟದ್ದರ ಗುರುತಲ್ಲ. ದಿನಾ ಬೇಕಾದಷ್ಟು ತೆಗೆದು ತಕ್ಷಣ ಮುಚ್ಚಿ.

ಎರಡನೆಯದು ಹಪ್ಪಳದ ದಾರಿ. ಟಾರ್ಪಾಲಿನ ಮೇಲೆ ಎರಡು ಬೆರಳಿನಷ್ಟು ದಪ್ಪಕ್ಕಿಂತ ತೆಳ್ಳಗೆ ಹರವಿ, ದಿನಕ್ಕೆ ನಾಲ್ಕು ಸಲ ಕೈಯಾಡಿಸಿ, ಬೇಸಿಗೆ ಬಿಸಿಲಿನಲ್ಲಿ ಒಂದೆರಡು ದಿನ ಒಣಗಿಸಿ. ಒಣಗಿದ ಚರಟ ತಿಂಗಳುಗಟ್ಟಲೆ ಇರುತ್ತದೆ. 1 ಕೆ.ಜಿ. ಒದ್ದೆ ಚರಟ ಒಣಗಿದರೆ ಕಾಲು ಕೆ.ಜಿ.ಯೂ ಉಳಿಯುವುದಿಲ್ಲ. ಹಾಕುವಾಗ ಈ ಲೆಕ್ಕ ಮರೆಯಬೇಡಿ.

ಹಂತ 3: ಜಾಗ ಆರಿಸಿ

ತುಂಬಿದ ಟ್ಯಾಂಕು ಒಂದು ಟನ್ ತೂಗುತ್ತದೆ. ನೆಲ ಗಟ್ಟಿಯಾಗಿ, ಮಟ್ಟವಾಗಿರಬೇಕು. ಇಟ್ಟಿಗೆ ಅಥವಾ ಸಿಮೆಂಟಿನ ಕಟ್ಟೆ ಕಟ್ಟಿದರೆ ಒಳ್ಳೆಯದು. ದಿನದಲ್ಲಿ ಆರು ಗಂಟೆಯಾದರೂ ಬಿಸಿಲು ಬೀಳುವ, ಗಾಳಿಯಾಡುವ ಬಯಲು ಜಾಗವಿರಲಿ. ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 10 ಮೀಟರ್ ದೂರವಿರಲಿ. ಮನೆಯ ಒಳಗೆ, ಮುಚ್ಚಿದ ಶೆಡ್ಡಿನಲ್ಲಿ ಇದನ್ನು ಎಂದೂ ಇಡಬೇಡಿ. ಮೀಥೇನ್ ಗಾಳಿಯಲ್ಲಿ ಶೇ 5ರಿಂದ 15ರಷ್ಟು ಬೆರೆತರೆ ಕಿಡಿ ತಾಗಿದೊಡನೆ ಸಿಡಿಯುತ್ತದೆ.

ಹಂತ 4: ಟ್ಯಾಂಕುಗಳನ್ನು ಸಿದ್ಧಪಡಿಸಿ

ಎರಡೂ ಟ್ಯಾಂಕುಗಳ ಬಾಯಿಯ ಭಾಗವನ್ನು ಕತ್ತರಿಸಿ ತೆಗೆಯಿರಿ. ದೊಡ್ಡದು ನೆಟ್ಟಗೆ ನಿಲ್ಲುತ್ತದೆ, ಅದೇ ಹೊಟ್ಟೆ. ಚಿಕ್ಕದು ಅದರೊಳಗೆ ಬೋರಲು ಕೂರುತ್ತದೆ. ಅನಿಲ ತುಂಬಿದಾಗ ಏರುತ್ತದೆ, ಬಳಸಿದಾಗ ಇಳಿಯುತ್ತದೆ.

ದೊಡ್ಡ ಟ್ಯಾಂಕಿನ ಬುಡದ ಹತ್ತಿರ ಒಂದು ತೂತು ಕೊರೆದು 3 ಇಂಚಿನ ಪೈಪು ಜೋಡಿಸಿ. ಅದನ್ನು ಎಲ್ಬೋ ಕೊಟ್ಟು ಹೊರಗಿನಿಂದ ಟ್ಯಾಂಕಿನ ಎತ್ತರಕ್ಕಿಂತ ಸ್ವಲ್ಪ ಮೇಲಕ್ಕೆ ಎತ್ತಿ, ತುದಿಗೆ ಅಗಲ ಬಾಯಿಯ ಆಲಿಕೆ ಕೂರಿಸಿ. ಇದು ಉಣಿಸುವ ಬಾಯಿ. ಎದುರು ಬದಿಯಲ್ಲಿ, ಮೇಲಂಚಿನಿಂದ ಒಂದು ಗೇಣು ಕೆಳಗೆ, ಇನ್ನೊಂದು 3 ಇಂಚಿನ ಪೈಪು ಹಾಕಿ. ಹೊಸದು ಒಳಗೆ ಹೋದಷ್ಟು ಹಳೆಯದು ಇಲ್ಲಿಂದ ತಾನಾಗಿ ಹೊರಬರುತ್ತದೆ. ಅದರ ಕೆಳಗೆ ಒಂದು ಡ್ರಮ್ ಇಡಿ.

ಬೋರಲಾದ ಚಿಕ್ಕ ಟ್ಯಾಂಕಿನ ನೆತ್ತಿಯಲ್ಲಿ ಅರ್ಧ ಇಂಚಿನ ನಿಪ್ಪಲ್, ವಾಷರ್, ಬಾಲ್ ವಾಲ್ವ್ ಕೂರಿಸಿ. ದೊಡ್ಡ ಟ್ಯಾಂಕಿಗೆ ನೀರು ತುಂಬಿ ಒಂದು ರಾತ್ರಿ ಬಿಡಿ, ಜಿನುಗು ಕಂಡರೆ ಸರಿಪಡಿಸಿ. ಆಮೇಲೆ ವಾಲ್ವ್ ಮುಚ್ಚಿ ಚಿಕ್ಕದನ್ನು ನೀರಿನ ಮೇಲೆ ಕೂರಿಸಿ. ಒಳಗೆ ಸಿಕ್ಕ ಗಾಳಿಯಿಂದ ಅದು ತೇಲುತ್ತದೆ. ನಿಪ್ಪಲ್ ಸುತ್ತ ಸೋಪಿನ ನೊರೆ ಹಚ್ಚಿ, ಗುಳ್ಳೆ ಎದ್ದರೆ ಅಲ್ಲಿ ಸೋರಿಕೆ ಇದೆ. ಈ ಪರೀಕ್ಷೆಯನ್ನು ಮುಂದೆಯೂ ಸೋಪಿನಿಂದಲೇ ಮಾಡಬೇಕು. ಕಡ್ಡಿ ಗೀರಿ ಸೋರಿಕೆ ಹುಡುಕುವುದು ಪ್ರಾಣಕ್ಕೆ ಅಪಾಯ.

ಹಂತ 5: ಅನಿಲದ ದಾರಿ ಹಾಕಿ

ವಾಲ್ವಿನಿಂದ ಒಲೆಗೆ ಹೋಸ್ ಎಳೆಯಿರಿ. ಟ್ಯಾಂಕು ಏರಿಳಿಯುವುದರಿಂದ ಹೋಸ್ ಸಡಿಲವಾಗಿರಲಿ. ದಾರಿಯ ತೀರ ತಗ್ಗಿನ ಜಾಗದಲ್ಲಿ ‘ಟಿ’ ಹಾಕಿ, ಅದರ ಕೆಳಗಿನ ಕಾಲಿಗೆ ಒಂದು ಪೈಪು ಕೊಟ್ಟು, ನೀರು ತುಂಬಿದ ಬಾಟಲಿಯಲ್ಲಿ 15 ಸೆಂ.ಮೀ. ಆಳ ಮುಳುಗಿಸಿ. ಅನಿಲದಲ್ಲಿ ಬರುವ ನೀರಿನ ಹನಿ ಇಲ್ಲಿ ಇಳಿಯುತ್ತದೆ. ಒತ್ತಡ ಹೆಚ್ಚಾದರೆ ಅನಿಲ ಬುಳುಬುಳು ಎಂದು ಇಲ್ಲಿಂದ ಹೊರಹೋಗುತ್ತದೆ. ಆದ್ದರಿಂದ ಈ ಬಾಟಲಿ ಮನೆಯ ಹೊರಗೇ ಇರಬೇಕು, ನೀರು ಎಂದೂ ಬತ್ತಬಾರದು.

ಚರಟದ ಪ್ರೋಟೀನಿನಲ್ಲಿ ಗಂಧಕವಿದೆ. ಅದರಿಂದ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅದು ವಿಷ, ಒಲೆಯನ್ನೂ ತಿನ್ನುತ್ತದೆ. ಒಂದು ಮೊಳ ಉದ್ದದ ಪೈಪಿನಲ್ಲಿ ತುಕ್ಕು ಹಿಡಿದ ಕಬ್ಬಿಣದ ನಾರನ್ನು ಸಡಿಲವಾಗಿ ತುಂಬಿ ದಾರಿಯಲ್ಲಿ ಸೇರಿಸಿ. ತುಕ್ಕು ಆ ಅನಿಲವನ್ನು ಹಿಡಿದು ಕಪ್ಪಾಗುತ್ತದೆ. ಪೂರ್ತಿ ಕಪ್ಪಾದಾಗ ಬದಲಿಸಿ.

ಒಲೆಯ ಹತ್ತಿರ ಎರಡನೆಯ ವಾಲ್ವ್ ಇರಲಿ. ಎಲ್‌ಪಿಜಿ ಒಲೆಯ ಜೆಟ್ ತೂತು ಈ ಅನಿಲಕ್ಕೆ ಸಾಲದಷ್ಟು ಸಣ್ಣದು, ಅದಕ್ಕೇ ಬೇರೆ ಒಲೆ. ಈ ಅನಿಲವನ್ನು ಸಿಲಿಂಡರಿಗೆ ತುಂಬಿಸುವ ಯೋಚನೆಯನ್ನು ಮನೆಯಲ್ಲಿ ಮಾಡಲೇಬೇಡಿ.

ಹಂತ 6: ಸಗಣಿಯಿಂದ ಹೊಟ್ಟೆಗೆ ಜೀವ ತುಂಬಿ

ಆರಂಭಕ್ಕೆ ಚರಟ ಬೇಡ. 300 ಕೆ.ಜಿ. ಹಸಿ ಸಗಣಿಗೆ ಹುಲ್ಲು, ಕಲ್ಲು ಆರಿಸಿ, 500 ಲೀಟರ್ ನೀರು ಸ್ವಲ್ಪಸ್ವಲ್ಪವಾಗಿ ಬೆರೆಸಿ ಬಗ್ಗಡ ಮಾಡಿ. ನಲ್ಲಿ ನೀರಾದರೆ ಒಂದು ರಾತ್ರಿ ತೆರೆದಿಟ್ಟು ಕ್ಲೋರಿನ್ ಹೋಗಲು ಬಿಡಿ. ಹತ್ತಿರದಲ್ಲಿ ಗೋಬರ್ ಗ್ಯಾಸ್ ಇದ್ದರೆ ಅಲ್ಲಿಂದ ಹೊರಬಂದ ಬಗ್ಗಡವನ್ನು (ಸ್ಲರಿ) ಎರಡು ಬಕೆಟ್ ತಂದು ಸೇರಿಸಿ. ಮೊಸರಿಗೆ ಹೆಪ್ಪು ಹಾಕಿದ ಹಾಗೆ ಅದು ಕೆಲಸ ಬೇಗ ಹಿಡಿಸುತ್ತದೆ.

ತುಂಬಿದ ಮೇಲೆ ವಾಲ್ವ್ ತೆರೆದಿಟ್ಟು ಚಿಕ್ಕ ಟ್ಯಾಂಕನ್ನು ಬೋರಲು ಇಳಿಸಿ. ಒಳಗಿನ ಗಾಳಿ ಹೊರಗೆ ಹೋಗಿ ಅದು ಬಗ್ಗಡದಲ್ಲಿ ಮುಳುಗುತ್ತದೆ. ಆಗ ವಾಲ್ವ್ ಮುಚ್ಚಿ. ಟ್ಯಾಂಕುಗಳ ನಡುವಿನ ಸಂದಿಗೆ ಸೊಳ್ಳೆ ಪರದೆ ಸುತ್ತಿ. ದೊಡ್ಡ ಟ್ಯಾಂಕು ಸುಮಾರು 850 ಲೀಟರ್ ಬಗ್ಗಡ ಹಿಡಿಯುತ್ತದೆ.

ಎರಡು ಮೂರು ವಾರದಲ್ಲಿ ಟ್ಯಾಂಕು ಏರುತ್ತದೆ. ಮೊದಲ ಸಲ ತುಂಬಿದ್ದನ್ನು ಒಲೆಗೆ ಬಿಡಬೇಡಿ. ಅದರಲ್ಲಿ ಗಾಳಿಯೂ ಇಂಗಾಲದ ಡೈಆಕ್ಸೈಡೂ ಬೆರೆತಿರುತ್ತದೆ. ಸುತ್ತ ಎಲ್ಲೂ ಬೆಂಕಿ ಇಲ್ಲದ ಹೊತ್ತು ನೋಡಿ ಬಯಲಿಗೆ ಪೂರ್ತಿ ಬಿಟ್ಟುಬಿಡಿ. ಎರಡನೆಯ ಸಲ ತುಂಬಿದಾಗ ಟ್ಯಾಂಕಿನಿಂದ ದೂರದಲ್ಲಿರುವ ಒಲೆಯಲ್ಲಿ ಕಡ್ಡಿ ಗೀರಿ ನೋಡಿ. ಉರಿ ನಿಂತು ಉರಿದರೆ ಹೊಟ್ಟೆ ಸಿದ್ಧ.

ಉರಿಯ ಬಿರುಸು ಸಾಲದಿದ್ದರೆ ಟ್ಯಾಂಕಿನ ನೆತ್ತಿಯ ಮೇಲೆ ಸುತ್ತಲೂ ಸಮನಾಗಿ ಕಲ್ಲು ಹೇರಿ. ಈ ಅಳತೆಯ ಟ್ಯಾಂಕಿನಲ್ಲಿ ಪ್ರತಿ 7–8 ಕೆ.ಜಿ. ತೂಕಕ್ಕೆ ಸುಮಾರು 1 ಸೆಂ.ಮೀ. ನೀರಿನಷ್ಟು ಒತ್ತಡ ಏರುತ್ತದೆ. ಟ್ಯಾಂಕಿನ ತೂಕವೂ ಸೇರಿ 5–6 ಸೆಂ.ಮೀ. ಒತ್ತಡ ಬಂದರೆ ಅಡುಗೆಗೆ ಸಾಕು.

ಹಂತ 7: ಚರಟವನ್ನು ರೂಢಿ ಮಾಡಿಸಿ

ಹೆಚ್ಚಿನವರು ಎಡವುವುದು ಇಲ್ಲಿ. ನಾನೂ ಇಲ್ಲೇ ಎಡವಿದೆ. ಮೊದಲ ವರ್ಷ ಒಂದು ದಿನ ಎರಡು ಡ್ರಮ್ ಚರಟ ಒಟ್ಟಿಗೆ ಸಿಕ್ಕಿತು. ಹಾಳಾದೀತೆಂಬ ಆತುರಕ್ಕೆ 40 ಕೆ.ಜಿ. ಒಂದೇ ಸಲ ಸುರಿದೆ. ಮಾರನೆಯ ಬೆಳಿಗ್ಗೆ ಟ್ಯಾಂಕು ಎಂದೂ ಏರದಷ್ಟು ಏರಿ ನಿಂತಿತ್ತು, ಸಂದಿಯಿಂದ ನೊರೆ ಉಕ್ಕಿ ಹರಿದಿತ್ತು. ಆದರೆ ಕಡ್ಡಿ ಗೀರಿದರೆ ಉರಿ ಹತ್ತಲಿಲ್ಲ. ಒಳಗೆ ತುಂಬಿದ್ದು ಇಂಗಾಲದ ಡೈಆಕ್ಸೈಡ್. ಅಂಗಳವೆಲ್ಲ ಹುಳಿ ನಾತ. ಆ ಹೊಟ್ಟೆ ಮತ್ತೆ ಸರಿಹೋಗಲು ಐದು ವಾರ ಬೇಕಾಯಿತು.

ಮದುವೆ ಮನೆಯ ಹಿತ್ತಲಲ್ಲಿ ಚೆಲ್ಲಿದ ಅನ್ನವನ್ನು ಹೊಟ್ಟೆ ಬಿರಿಯ ತಿಂದ ಹಸುವಿಗೆ ಏನಾಗುತ್ತದೆಂದು ಹಳ್ಳಿಯವರಿಗೆ ಗೊತ್ತು. ಹೊಟ್ಟೆಯಲ್ಲಿ ಹುಳಿ ಏರಿ, ಉಬ್ಬರಿಸಿ, ಕೆಲವೊಮ್ಮೆ ಪ್ರಾಣವೇ ಹೋಗುತ್ತದೆ. ಘಟಕದ ಒಳಗೂ ಅದೇ. ಅಲ್ಲಿ ಎರಡು ಬಗೆಯ ಜೀವಿಗಳಿವೆ. ಮೊದಲ ಬಗೆಯವು ಆಹಾರವನ್ನು ಆಮ್ಲವಾಗಿಸುತ್ತವೆ. ಅವು ಚುರುಕು, ಬೇಗ ಬೆಳೆಯುತ್ತವೆ. ಎರಡನೆಯವು ಆ ಆಮ್ಲವನ್ನು ತಿಂದು ಮೀಥೇನ್ ಕೊಡುತ್ತವೆ. ಅವು ನಿಧಾನ, ಸೂಕ್ಷ್ಮ ಸ್ವಭಾವದವು. ಒಮ್ಮೆಗೆ ಹೆಚ್ಚು ಹಾಕಿದರೆ ಮೊದಲನೆಯವು ಮುಂದೆ ಓಡುತ್ತವೆ, ಆಮ್ಲ ಗುಡ್ಡೆ ಬೀಳುತ್ತದೆ, ಆ ಹುಳಿಯಲ್ಲಿ ಎರಡನೆಯವು ಸೊರಗುತ್ತವೆ.

ಆದ್ದರಿಂದ ಹೀಗೆ ಏರಿಸಿ:

- ಮೊದಲ ವಾರ: ದಿನಕ್ಕೆ ಅರ್ಧ ಕೆ.ಜಿ. ಚರಟ
- ಎರಡನೆಯ ವಾರ: 1 ಕೆ.ಜಿ.
- ಮೂರನೆಯ ವಾರ: 2 ಕೆ.ಜಿ.
- ನಾಲ್ಕನೆಯ ವಾರದಿಂದ: 3 ಕೆ.ಜಿ.

ಜೊತೆಗೆ ಪ್ರತಿದಿನ 6 ಕೆ.ಜಿ. ಸಗಣಿ, 12 ಲೀಟರ್ ನೀರು. ಯಾವ ವಾರ ಉರಿ ಸಪ್ಪೆಯಾದರೂ ಮುಂದಿನ ಮೆಟ್ಟಿಲು ಹತ್ತಬೇಡಿ.

ಹಂತ 8: ದಿನದ ಊಟ

ಚರಟವನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಿ. ಹಳೆಯ ಗ್ರೈಂಡರ್ ಇದ್ದರೆ ಒಂದು ಸುತ್ತು ತಿರುವಿ. ಬಾರ್ಲಿಯ ಸಿಪ್ಪೆ ಹಗುರ, ಹಾಗೇ ಹಾಕಿದರೆ ಮೇಲೆ ತೇಲಿ ಕೆನೆಗಟ್ಟುತ್ತದೆ. ಬೆಳಿಗ್ಗೆ ಸಗಣಿ, ನೀರು ಸೇರಿಸಿ ನೀರು ದೋಸೆ ಹಿಟ್ಟಿನ ಹದಕ್ಕೆ ಕಲಸಿ ಆಲಿಕೆಯಲ್ಲಿ ಹೊಯ್ಯಿರಿ. ದಿನವೂ ಒಂದೇ ಹೊತ್ತಿಗೆ ಕೊಡಿ. ಆಮೇಲೆ ಮೇಲಿನ ಟ್ಯಾಂಕನ್ನು ಕೈಯಿಂದ ಎಡಕ್ಕೆ ಬಲಕ್ಕೆ ನಾಲ್ಕೈದು ಸಲ ತಿರುಗಿಸಿ, ಕಟ್ಟಿದ ಕೆನೆ ಒಡೆಯುತ್ತದೆ.

ಸಗಣಿಯನ್ನು ಬಿಟ್ಟು ಬರೀ ಚರಟ ಹಾಕಬಾರದೇ ಎಂದು ಕೇಳುವವರಿದ್ದಾರೆ. ಈ ಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 20ರಿಂದ 30 ಪಾಲು ಇಂಗಾಲ ಹದವಾದ ಊಟ. ಚರಟದಲ್ಲಿ ಪ್ರೋಟೀನ್ ಹೆಚ್ಚಾದ್ದರಿಂದ ಇಂಗಾಲ 15 ಪಾಲೂ ದಾಟುವುದಿಲ್ಲ. ಬರೀ ಅದನ್ನೇ ಹಾಕಿದರೆ ತಿಂಗಳುಗಳು ಕಳೆದ ಹಾಗೆ ಅಮೋನಿಯಾ ಸೇರಿ ಹೊಟ್ಟೆ ಕೆಡುತ್ತದೆ. ಸಗಣಿ ಈ ಲೆಕ್ಕವನ್ನು ಸರಿದೂಗಿಸುತ್ತದೆ, ದಿನವೂ ಹೊಸ ಜೀವಿಗಳನ್ನೂ ತರುತ್ತದೆ. ಸಗಣಿ ಕಡಿಮೆ ಬಿದ್ದ ದಿನ ಸಣ್ಣಗೆ ಪುಡಿ ಮಾಡಿದ ಒಣ ಎಲೆ ಅಥವಾ ಭತ್ತದ ಹುಲ್ಲನ್ನು ಒಂದೆರಡು ಹಿಡಿ ಸೇರಿಸಿ.

ಸಿಗುವುದೆಷ್ಟು? 1 ಕೆ.ಜಿ. ಹಸಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲ. 1 ಕೆ.ಜಿ. ಒದ್ದೆ ಚರಟದಿಂದ ಇಂಥ ಚಿಕ್ಕ ಘಟಕದಲ್ಲಿ 60–70 ಲೀಟರ್ ಎಂದು ಲೆಕ್ಕ ಹಿಡಿಯಿರಿ. ಒಟ್ಟು ದಿನಕ್ಕೆ ಸುಮಾರು 450 ಲೀಟರ್. ಒಂದು ಒಲೆ ಪೂರ್ಣ ಉರಿಯಲ್ಲಿ ಒಂದು ಗಂಟೆ ಉರಿಯುತ್ತದೆ. ಬೆಳಗಿನ ಕಾಫಿ, ತಿಂಡಿ, ಒಂದು ಹೊತ್ತಿನ ಅನ್ನಕ್ಕೆ ಅಷ್ಟು ಸಾಕು. ಎಲ್‌ಪಿಜಿ ಲೆಕ್ಕದಲ್ಲಿ ತಿಂಗಳಿಗೆ 6 ಕೆ.ಜಿ., ಅಂದರೆ ಎರಡೂವರೆ ತಿಂಗಳಿಗೆ 14.2 ಕೆ.ಜಿ.ಯ ಒಂದು ಸಿಲಿಂಡರಿನ ಉಳಿತಾಯ.

ಹಂತ 9: ನಾಡಿ ನೋಡುವುದನ್ನು ಕಲಿಯಿರಿ

ನೋಟ್ ಪುಸ್ತಕದಲ್ಲಿ ದಿನವೂ ನಾಲ್ಕು ಸಂಗತಿ ಬರೆಯಿರಿ: ಹಾಕಿದ ತೂಕ, ಟ್ಯಾಂಕು ಏರಿದ ಎತ್ತರ, ಉರಿದ ನಿಮಿಷ, ಉರಿಯ ಬಣ್ಣ. ವಾರಕ್ಕೊಮ್ಮೆ ಹೊರಬಂದ ಸ್ಲರಿಯಲ್ಲಿ ಪಿಎಚ್ ಪಟ್ಟಿ ಅದ್ದಿ ನೋಡಿ. 6.8ರಿಂದ 7.5ರ ಒಳಗಿದ್ದರೆ ಆರೋಗ್ಯ.

ಟ್ಯಾಂಕು ಏರಿದೆ, ಉರಿ ಹತ್ತುತ್ತಿಲ್ಲ, ಹುಳಿ ನಾತ. ಅಜೀರ್ಣ. ಒಂದು ವಾರ ಚರಟ ನಿಲ್ಲಿಸಿ, ಸಗಣಿಯನ್ನೂ ಅರ್ಧಕ್ಕಿಳಿಸಿ. ಪಿಎಚ್ 6.5ಕ್ಕಿಂತ ಕೆಳಗಿದ್ದರೆ 100 ಗ್ರಾಂ ಸುಣ್ಣವನ್ನು ಒಂದು ಬಕೆಟ್ ನೀರಿನಲ್ಲಿ ಕದಡಿ ಹೊಯ್ಯಿರಿ. ಒಂದು ದಿನ ಕಾದು, ಮತ್ತೆ ನೋಡಿ, ಬೇಕಿದ್ದರೆ ಮಾತ್ರ ಮತ್ತೊಮ್ಮೆ. ಒಂದೇ ಸಲ ಹೆಚ್ಚು ಸುಣ್ಣ ಬೇಡ.

ಅನಿಲ ಕಡಿಮೆ, ನಾತವೇನೂ ಇಲ್ಲ. ಚಳಿ ಇರಬಹುದು. ಈ ಜೀವಿಗಳಿಗೆ 30ರಿಂದ 38 ಡಿಗ್ರಿ ಹಿತ. ಬೆಂಗಳೂರಿನ ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಕೆಲಸ ನಿಧಾನವಾಗುತ್ತದೆ. ಟ್ಯಾಂಕಿನ ಸುತ್ತ ಹುಲ್ಲು ಕಟ್ಟಿ ಕಪ್ಪು ಟಾರ್ಪಾಲು ಹೊದಿಸಿ, ಉಗುರು ಬೆಚ್ಚಗಿನ ನೀರಿನಲ್ಲಿ ಕಲಸಿ ನಡುಹಗಲಿಗೆ ಉಣಿಸಿ. ಆ ಎರಡು ತಿಂಗಳು ಚರಟವನ್ನು 2 ಕೆ.ಜಿ.ಗೆ ಇಳಿಸಿ.

ಉರಿ ಹಳದಿ, ಪಾತ್ರೆ ಮಸಿ. ಒಲೆಗೆ ಗಾಳಿ ಸಾಲುತ್ತಿಲ್ಲ. ಬರ್ನರಿನ ಗಾಳಿ ಕಿಂಡಿ ತೆರೆಯಿರಿ. ಒಳ್ಳೆಯ ಉರಿ ನೀಲಿಯಾಗಿರುತ್ತದೆ.

ಉರಿ ಕುಣಿಯುತ್ತಿದೆ. ಹೋಸಿನಲ್ಲಿ ನೀರು ನಿಂತಿದೆ. ತಗ್ಗು ಬಿದ್ದ ಜಾಗವನ್ನು ಎತ್ತಿ ಕಟ್ಟಿ, ನೀರನ್ನು ಬಾಟಲಿಗೆ ಇಳಿಸಿ.

ಯಾವ ದುರಸ್ತಿಗೂ ಟ್ಯಾಂಕಿನೊಳಗೆ ತಲೆ ಹಾಕಬೇಡಿ, ಇಳಿಯಬೇಡಿ. ಒಳಗಿನ ಅನಿಲ ಎರಡು ಉಸಿರಿಗೆ ಪ್ರಜ್ಞೆ ತಪ್ಪಿಸಬಲ್ಲದು. ಮಕ್ಕಳಿಗೂ ಇದನ್ನು ತಿಳಿಸಿ ಹೇಳಿ.

ಹಂತ 10: ಹೊರಬಂದದ್ದನ್ನು ಮಣ್ಣಿಗೆ ಕೊಡಿ

ದಿನವೂ ಹಾಕಿದಷ್ಟೇ, ಸುಮಾರು 20 ಲೀಟರ್ ಸ್ಲರಿ ಹೊರಬರುತ್ತದೆ. ಮೀಥೇನ್ ಆಗಿ ಹೋದದ್ದು ಇಂಗಾಲ ಮತ್ತು ಹೈಡ್ರೋಜನ್. ಬಾರ್ಲಿಯ ಸಾರಜನಕ, ರಂಜಕ ಬಹುಪಾಲು ಇದರಲ್ಲೇ ಉಳಿದಿರುತ್ತವೆ. ನಾಲ್ಕು ಪಾಲು ನೀರು ಬೆರೆಸಿ ತೆಂಗು, ಬಾಳೆ, ಕರಿಬೇವಿನ ಬುಡಕ್ಕೆ ಹಾಕಿ. ಹಸಿಯಾಗಿ ತಿನ್ನುವ ಸೊಪ್ಪಿನ ಮೇಲೆ ಎರಚಬೇಡಿ. ಹೆಚ್ಚಾದದ್ದನ್ನು ಒಣ ಎಲೆಯ ಗುಂಡಿಗೆ ಸುರಿದರೆ ಗೊಬ್ಬರ ಬೇಗ ಹದಕ್ಕೆ ಬರುತ್ತದೆ.

ದೊಡ್ಡದಕ್ಕೆ ಹೋಗುವ ಮುನ್ನ

ಒಂದು ಕುದಿತದ 200 ಕೆ.ಜಿ. ಚರಟದ ಮುಂದೆ ನಮ್ಮ 3 ಕೆ.ಜಿ. ಚಿಕ್ಕದು, ನಿಜ. ಹತ್ತು ಹಸುವಿನ ಕೊಟ್ಟಿಗೆ ಇದ್ದವರು ಇಟ್ಟಿಗೆ ಗುಮ್ಮಟದ ‘ದೀನಬಂಧು’ ಮಾದರಿಯ ಅನಿಲ ಘಟಕ ಕಟ್ಟಿಸಿ ಇದರ ಹತ್ತು ಪಟ್ಟು ಬಳಸಬಹುದು. ಕೇಂದ್ರ ಸರ್ಕಾರ 2018ರಲ್ಲಿ ಆರಂಭಿಸಿದ ಗೋಬರ್‌ಧನ್ ಯೋಜನೆಯ ಬಗ್ಗೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಆದರೆ ಮೊದಲು ಈ ಎರಡು ಟ್ಯಾಂಕಿನ ಹೊಟ್ಟೆಯನ್ನು ಒಂದು ಮಳೆಗಾಲ, ಒಂದು ಚಳಿಗಾಲ ಸಾಕಿ ನೋಡಿ. ಯಾವ ಊಟಕ್ಕೆ ಅದು ಎಷ್ಟು ಏರುತ್ತದೆ, ಯಾವ ದಿನ ಮುನಿಯುತ್ತದೆ ಎಂಬುದು ಆ ನೋಟ್ ಪುಸ್ತಕದಲ್ಲಿ ನಿಮ್ಮದೇ ಕೈಬರಹದಲ್ಲಿ ಇರುತ್ತದೆ. ದೊಡ್ಡ ಘಟಕ ಕಟ್ಟುವಾಗ ಮೇಸ್ತ್ರಿಯ ಕೈಗೆ ಕೊಡಲು ಅದಕ್ಕಿಂತ ಒಳ್ಳೆಯ ನಕ್ಷೆ ಸಿಗದು.

ಪಕ್ಕದ ಕೊಟ್ಟಿಗೆಯ ಅಕ್ಕ ಈಗ ಚರಟದ ಡ್ರಮ್ ಬಂದ ದಿನ ತಾವೇ ಬಂದು ಹಸುಗಳಿಗೆ ಬೇಕಾದಷ್ಟು ಬುಟ್ಟಿಗೆ ತುಂಬಿಕೊಳ್ಳುತ್ತಾರೆ. ಮಾರನೆಯ ದಿನ ಅವರ ಕೊಟ್ಟಿಗೆಯಿಂದ 6 ಕೆ.ಜಿ. ಸಗಣಿ ನಮ್ಮ ಅಂಗಳಕ್ಕೆ ಬರುತ್ತದೆ. ಸಂಜೆ ಸ್ಲರಿಯ ಡ್ರಮ್ ಅವರ ಮೇವಿನ ಹುಲ್ಲಿನ ಪಾತಿಗೆ ಹೋಗುತ್ತದೆ. ನಡುವೆ ಒಂದು ಗಂಟೆ ನಮ್ಮ ಒಲೆ ನೀಲಿಯಾಗಿ ಉರಿಯುತ್ತದೆ.